ಅಪ್‌ಡೇಟ್: ಕಾರಿನೊಳಗೆ ನೀರು, ಕಾರಣ ಸಿಕ್ಕಿತು

ಎಡಗಡೆ ಸೀಟಿನ ಮುಂದೆ ಮ್ಯಾಟ್ ಅಡಿ ನೀರು ನಿಲ್ಲುತ್ತದೆ, ನಾನೇ ಬಿಚ್ಚಲಾ, ಗ್ಯಾರೇಜಿಗೆ ಕೊಡಲಾ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಮನೆಯಲ್ಲೇ ಸರಿಯಾಯಿತು.

ಗಾಜಿನ ರಬ್ಬರಿಗೆ ಸಿಲಿಕೋನ್ ಹಚ್ಚಿದ್ದು ಪ್ರಯೋಜನಕ್ಕೆ ಬರಲಿಲ್ಲ. ಮಳೆಯಿಲ್ಲದ ದಿನ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗಿ ಬಂದಾಗಲೂ ಮ್ಯಾಟ್ ಒದ್ದೆ, ಅಂದರೆ ಮಳೆ ನೀರಲ್ಲ. ಆಮೇಲೆ ಟಿಶ್ಯೂ ಒತ್ತಿ ನೋಡಿದೆ. ಬಣ್ಣ ಇಲ್ಲ, ಅಂಟಿಲ್ಲ, ಸಿಹಿ ವಾಸನೆ ಇಲ್ಲ. ಅಂದರೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಅಲ್ಲ, ಎಸಿ ನೀರು. ಆ ನೀರು ಹೊರಗೆ ಹೋಗುವ ಡ್ರೈನ್ ಪೈಪ್ ಕಟ್ಟಿದೆ ಎಂದು ನನ್ನ ಪ್ರಶ್ನೆಗೆ ಉತ್ತರಿಸಿದವರ ಮಾತೇ ನಿಜವಾಯಿತು. ತುಂಬಾ ಥ್ಯಾಂಕ್ಸ್!

ಬಾನೆಟ್ ತೆರೆದು ಟಾರ್ಚ್ ಹಾಕಿದೆ. ಇಂಜಿನ್ ಹಿಂದಿನ ಗೋಡೆಯ ಕೆಳಗೆ ಹೆಬ್ಬೆರಳು ದಪ್ಪದ ಕಪ್ಪು ರಬ್ಬರ್ ಪೈಪ್. ಅದರ ಬಾಯಿಗೆ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿತ್ತು. ಕಣಜದ ಗೂಡು! ಕಾರು ಎರಡು ತಿಂಗಳು ಅಡಿಕೆ ತೋಟದ ಪಕ್ಕ ಸುಮ್ನೆ ನಿಂತಿತ್ತು, ಆಗ ಕಟ್ಟಿರಬೇಕು. ಹಿಡಿಸೂಡಿ ಕಡ್ಡಿಯಿಂದ ಮೆಲ್ಲ ಕೆದಕಿದೆ. ಬುಳಕ್ಕನೆ ನೀರು ಸುರಿದು ಚಪ್ಪಲಿ ಎಲ್ಲ ಕೆಸರು. ಕಬ್ಬಿಣದ ತಂತಿ ಮಾತ್ರ ಹಾಕಬೇಡಿ, ಜಾಸ್ತಿ ಒಳಗೆ ಹೋದರೆ ಇವ್ಯಾಪೊರೇಟರ್ (ಎಸಿಯಲ್ಲಿ ಗಾಳಿ ತಂಪು ಮಾಡುವ ಭಾಗ) ತೂತಾಗಬಹುದು.

ಒಂದು ಗ್ಯಾರೇಜಿನಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಎಂದಿದ್ದರು. ಒಪ್ಪದೆ ಬಂದದ್ದು ಒಳ್ಳೆಯದಾಯಿತು. ಆದರೆ ಕಾರಿನ ಬ್ರೇಕಿನ ಕೆಲಸವೂ ಇತ್ತು, ಅದನ್ನು ಮಾತ್ರ ನಾನು ಮುಟ್ಟಲಿಲ್ಲ, ಉಪ್ಪಳದ ಮೆಕ್ಯಾನಿಕ್‌ಗೇ ಕೊಟ್ಟೆ.

ಇನ್ನೊಂದು ವಿಷಯ: ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮ್ ನೀರು ಕುಡಿದಿರುತ್ತದೆ. ಎತ್ತಿ ಮೂರು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಮುಗ್ಗಲು ವಾಸನೆ ಹೋಯಿತು.