ಮೊದಲ ಫೆಸೆಂಟ್ ಬೇಟೆಗೆ ಯಾವ ರಾಜ್ಯ: ದಕ್ಷಿಣ ಡಕೋಟಾ, ಐಯೋವಾ, ಕ್ಯಾನ್ಸಸ್?

ಪ್ರಶ್ನೆ: ಶಿಕಾಗೊವಾಸಿ

ಎಲ್ಲರಿಗೂ ನಮಸ್ಕಾರ. ಶಿಕಾಗೊ ಸಮೀಪ ನೆಲೆಸಿರುವ ನಾನು ಇಬ್ಬರು ಗೆಳೆಯರೊಡನೆ ಈ ವರ್ಷ ಮೊದಲ ಬಾರಿಗೆ ಫೆಸೆಂಟ್ (ಕೋಳಿಯ ಬಳಗಕ್ಕೆ ಸೇರಿದ ಉದ್ದ ಬಾಲದ ಕಾಡುಹಕ್ಕಿ) ಬೇಟೆಗೆ ಹೊರಡಬೇಕೆಂದಿದ್ದೇನೆ. ಮೂವರಿಗೂ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಅಭ್ಯಾಸವಿದೆಯಾದರೂ ಹಾರುವ ಹಕ್ಕಿಗೆ ಯಾರೂ ಈಡು ಹೊಡೆದಿಲ್ಲ. ಒಬ್ಬರ ಬಳಿ ತರಬೇತಾದ ಲ್ಯಾಬ್ರಡಾರ್ ನಾಯಿಯಿದೆ. ರಜೆ ಸಿಗುವುದು ಐದು ದಿನ ಮಾತ್ರ. ದಕ್ಷಿಣ ಡಕೋಟಾ ಹೆಸರಾಂತ ಸ್ಥಳ, ಐಯೋವಾ ಹತ್ತಿರ, ಕ್ಯಾನ್ಸಸ್‌ನಲ್ಲಿ ಚಳಿ ಕಡಿಮೆ. ಈ ಮೂರರಲ್ಲಿ ಹೊಸಬರಿಗೆ ಯಾವುದು ಸೂಕ್ತ? ಹಣ ತೆತ್ತು ಖಾಸಗಿ ಜಮೀನಿಗೆ ಹೋಗಬೇಕೇ, ಸಾರ್ವಜನಿಕ ಭೂಮಿ ಸಾಕೇ? ನಮ್ಮಲ್ಲೊಬ್ಬರು ಎಚ್‌1ಬಿ ವೀಸಾದಲ್ಲಿರುವುದರಿಂದ ಕಾನೂನಿನ ತೊಡಕೇನಾದರೂ ಇದೆಯೇ ಎಂಬುದನ್ನೂ ತಿಳಿಸಿ.

ಉತ್ತರ: ಡಕೋಟಾ ನಿವಾಸಿ

ನಿಮ್ಮ ಪರಿಸ್ಥಿತಿಗೆ ದಕ್ಷಿಣ ಡಕೋಟಾವೇ ಸರಿ. 1919ರಲ್ಲಿ ಸ್ಪಿಂಕ್ ಕೌಂಟಿಯಲ್ಲಿ ಒಂದೇ ದಿನದ ಬೇಟೆಯಿಂದ ಆರಂಭವಾದದ್ದು ಇಂದು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಹುಂಜಗಳನ್ನು ಹೊಡೆಯುವ ಮಟ್ಟಕ್ಕೆ ಬೆಳೆದಿದೆ. ಹೊಸಬರಿಗೆ ಬೇಕಾದದ್ದು ತಪ್ಪಿದ ಈಡಿನ ನಂತರ ಇನ್ನೊಂದು ಅವಕಾಶ, ಅದು ಇಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಹೊರರಾಜ್ಯದವರ ಪರವಾನಗಿ ಐದೈದು ದಿನಗಳ ಎರಡು ಅವಧಿಗಳಿಗೆ ಸಿಗುತ್ತದೆ. ನಿಮ್ಮ ರಜೆಗೆ ಒಂದು ಅವಧಿ ಸರಿಹೊಂದಿ, ಇನ್ನೊಂದು ಮರುಭೇಟಿಗೆ ಉಳಿಯುತ್ತದೆ.

ಆದರೆ ರಾಜ್ಯಕ್ಕಿಂತ ದಿನಾಂಕದ ಆಯ್ಕೆಯೇ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಬೇಟೆಯ ಋತು ತೆರೆಯುವುದು ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ. ಆಗ ಮುಸುಕಿನ ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ, ಹಕ್ಕಿಗಳೆಲ್ಲ ಅದರೊಳಗೆ ಅಡಗಿರುತ್ತವೆ, ಮೂವರು ಮನುಷ್ಯರೂ ಒಂದು ನಾಯಿಯೂ ಅಷ್ಟು ವಿಸ್ತಾರದ ಬೆಳೆಯಿಂದ ಅವನ್ನು ಎಬ್ಬಿಸುವುದು ಆಗದ ಮಾತು. ನವೆಂಬರ್ ಮೊದಲ ಅಥವಾ ಎರಡನೆಯ ವಾರದ ಹೊತ್ತಿಗೆ ಕೊಯ್ಲು ಬಹುಪಾಲು ಮುಗಿದು ಹಕ್ಕಿಗಳು ಬೀಳುಬಿಟ್ಟ ಹುಲ್ಲಿಗೂ ಕೆರೆಯಂಚಿನ ಜೊಂಡಿಗೂ ಸರಿದಿರುತ್ತವೆ, ಆರಂಭದ ವಾರದ ಜನಸಂದಣಿಯೂ ಕರಗಿರುತ್ತದೆ. ಕೂಳೆ ಹೊಲ, ಒತ್ತಾದ ಹುಲ್ಲು, ಜೊಂಡು ಈ ಮೂರೂ ಒಂದಕ್ಕೊಂದು ತಾಗಿಕೊಂಡಿರುವ ಜಾಗವನ್ನು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಳ್ಳಿ. ಏಬರ್ಡೀನ್, ರೆಡ್‌ಫೀಲ್ಡ್, ಹ್ಯೂರಾನ್ ಸುತ್ತ ಇಂಥ ನೆಲ ಹೇರಳವಾಗಿದೆ. ‘ವಾಕ್‌ ಇನ್ ಏರಿಯಾ’ ಫಲಕವಿರುವ ಖಾಸಗಿ ಜಮೀನಿಗೆ ಮಾಲೀಕರ ಪ್ರತ್ಯೇಕ ಅನುಮತಿಯಿಲ್ಲದೆ ಕಾಲ್ನಡಿಗೆಯಲ್ಲಿ ಪ್ರವೇಶವಿದೆ.

ಇಲ್ಲಿ ಬೆಳಿಗ್ಗೆ 10ಕ್ಕೆ ಮುನ್ನ ಬೇಟೆಯಿಲ್ಲ. ಮುಂಜಾನೆ ಕೂಳೆಯಲ್ಲಿ ಕಾಳು ತಿಂದ ಹಕ್ಕಿಗಳು ಆ ಹೊತ್ತಿಗೆ ಹುಲ್ಲಿಗೆ ಮರಳುತ್ತಿರುತ್ತವೆ. ಸೂರ್ಯಾಸ್ತಕ್ಕೆ ಹಿಂದಿನ ಒಂದು ಗಂಟೆ ಇಡೀ ದಿನದಲ್ಲೇ ಶ್ರೇಷ್ಠ. ಹುಂಜ ಹಾರುವುದಕ್ಕಿಂತ ಓಡುವುದರಲ್ಲಿ ನಿಪುಣ; ನಾಯಿಯ ಬಾಲದ ಬೀಸು ಚುರುಕಾಗಿ ಮೂಗು ನೆಲಕ್ಕೆ ತಾಗಿದರೆ ಹಕ್ಕಿ ಆಗಲೇ ಮುಂದೆ ನುಸುಳುತ್ತಿದೆಯೆಂದು ತಿಳಿಯಬೇಕು. ಆದ್ದರಿಂದ ಕಾರಿನ ಬಾಗಿಲನ್ನು ಸದ್ದಿಲ್ಲದೆ ಮುಚ್ಚಿ, ಒಬ್ಬರು ದೂರದಿಂದ ಸುತ್ತಿ ಹೋಗಿ ಹುಲ್ಲುಪಟ್ಟಿಯ ತುದಿಯಲ್ಲಿ ನಿಲ್ಲಬೇಕು; ಉಳಿದಿಬ್ಬರು ನಾಯಿಯೊಡನೆ ನಿಧಾನವಾಗಿ ಸೋವುತ್ತಾ ಬರಬೇಕು. ತುದಿಯಲ್ಲಿ ನಿಂತವರ ಕಡೆಗಾಗಲಿ, ನಾಯಿಯೆತ್ತರಕ್ಕೆ ಹಾರಿದ ಹಕ್ಕಿಗಾಗಲಿ ಯಾವ ಕಾರಣಕ್ಕೂ ಕೋವಿ ತಿರುಗಕೂಡದು.

ಉತ್ತರ: ಪಶ್ಚಿಮ ಕ್ಯಾನ್ಸಸ್

ಕ್ಯಾನ್ಸಸ್ ನನಗೆ ಅತಿ ಪ್ರಿಯವಾದರೂ ಶಿಕಾಗೊದಿಂದ ಮೊದಲ ಸಲ ಹೊರಡುವವರಿಗೆ ನಾನು ಅದನ್ನು ಸೂಚಿಸಲಾರೆ. ಇಲ್ಲಿ ಋತು ತೆರೆಯುವುದು ನವೆಂಬರ್ ಎರಡನೆಯ ಶನಿವಾರ, ದಿನದ ಮಿತಿ ನಾಲ್ಕು ಹುಂಜ (ಡಕೋಟಾ, ಐಯೋವಾಗಳಲ್ಲಿ ಮೂರು), ಜೊತೆಗೆ ಬಾಬ್‌ವೈಟ್ ಎಂಬ ಪುಟ್ಟ ಹಕ್ಕಿಯ ಬೇಟೆಯೂ ಉಂಟು. ನಮ್ಮೂರಿನಲ್ಲಿ ರೊಟ್ಟಿಗೆ ಬಳಸುವ ಜೋಳದ ಜಾತಿಯನ್ನೇ ಇಲ್ಲಿ ವಿಸ್ತಾರವಾಗಿ ಬೆಳೆಯುವುದರಿಂದ ಅದರ ಕೂಳೆಯಲ್ಲಿ ಹಕ್ಕಿಗಳಿಗೆ ಕಾಳೂ ಮರೆಯೂ ಒಟ್ಟಿಗೆ ದೊರೆಯುತ್ತವೆ. ಆದರೆ ಇಲ್ಲಿಯ ಹೇಂಟೆಗಳು ಹೆಚ್ಚಾಗಿ ಗೋಧಿ ಹೊಲಗಳಲ್ಲೇ ಗೂಡು ಕಟ್ಟುತ್ತವೆ; ಬರಗಾಲ ಬಂದು ಗೋಧಿ ಗಿಡ್ಡಾಗಿ ಬೇಗನೆ ಕೊಯ್ಲಿಗೆ ಬಂದರೆ ಮರಿಗಳು ಉಳಿಯುವುದಿಲ್ಲ, ಮರುವರ್ಷ ಮಳೆಯಾದರೆ ಮತ್ತೆ ಚೇತರಿಸಿಕೊಳ್ಳುತ್ತವೆ. ರಾಜ್ಯದ ವನ್ಯಜೀವಿ ಇಲಾಖೆ ಪ್ರಕಟಿಸುವ ಮುನ್ನೋಟವನ್ನು ಓದಿ, ಒಳ್ಳೆಯ ವರ್ಷವನ್ನೇ ನೋಡಿ ಬನ್ನಿ.

ಉತ್ತರ: ನಿಯಮ ನೋಡಿ ಹೊರಡಿ

ವೀಸಾದ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್‌1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್‌ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಪರವಾನಗಿ ಕೈಗೆ ಬರುವ ಮೊದಲು ಗೆಳೆಯರ ಕೋವಿಯನ್ನು ಎರವಲು ಪಡೆಯುವುದೂ ಬೇಡ. ಇಲಿನಾಯ್ ನಿವಾಸಿಗಳಿಗೆ ಎಫ್‌ಒಐಡಿ (ಬಂದೂಕು ಹೊಂದುವವರ ಗುರುತಿನ) ಕಾರ್ಡ್ ಬೇರೆ ಬೇಕು. ಹೊರಡುವ ಮುನ್ನ ನಿಮ್ಮ ಗೆಳೆಯರು ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನು ಕಾಣುವುದು ಅಗತ್ಯ, ಏಕೆಂದರೆ ಇಲ್ಲಿ ತಪ್ಪಾದರೆ ದಂಡ ಕಟ್ಟಿ ಮುಗಿಯುವ ವಿಷಯವಲ್ಲ.

ಇನ್ನೆರಡು ಮಾತು. ಫೆಡರಲ್ ಸರ್ಕಾರದ ಜಲಪಕ್ಷಿ ಪ್ರದೇಶಗಳಲ್ಲಿ ಸೀಸದ ಚರೆ ನಿಷಿದ್ಧ, ಆದ್ದರಿಂದ ಉಕ್ಕಿನ ಚರೆಯ ತೋಟಾಗಳನ್ನೇ ಒಯ್ಯಿರಿ. ಹೊಡೆಯಬಹುದಾದದ್ದು ಹುಂಜವನ್ನು ಮಾತ್ರ. ಬೆಳಕಿಗೆ ಎದುರಾಗಿ ಹಾರಿದಾಗ ಕತ್ತಿನ ಬಿಳಿಯ ಪಟ್ಟಿಯಾಗಲಿ ಬಣ್ಣವಾಗಲಿ ಕಾಣದೆ ಹೋಗಬಹುದು, ಸಂಶಯವಿದ್ದರೆ ಬಿಟ್ಟುಬಿಡಿ. ಸಾಗಿಸುವಾಗ ಗಂಡೆಂದು ಗುರುತಿಸಲು ತಲೆ ಅಥವಾ ಕಾಲನ್ನು ಉಳಿಸಬೇಕು.

ಮರುಪ್ರಶ್ನೆ: ಶಿಕಾಗೊವಾಸಿ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಐಯೋವಾವನ್ನು ಕೈಬಿಡಬಹುದೇ? ಮಾರ್ಗದರ್ಶಕರು ಎಷ್ಟರಮಟ್ಟಿಗೆ ಬೇಕು?

ಉತ್ತರ: ಡಕೋಟಾ ನಿವಾಸಿ

ಐಯೋವಾದ ವಾಯವ್ಯ ಭಾಗದಲ್ಲಿ ಹಕ್ಕಿಗಳು ಚೆನ್ನಾಗಿಯೇ ಇವೆ. ಋತು ಅಕ್ಟೋಬರ್ ಕೊನೆಯ ಶನಿವಾರದಿಂದ ಜನವರಿ 10ರವರೆಗೆ, ವೇಳೆ ಬೆಳಿಗ್ಗೆ 8ರಿಂದ ಸಂಜೆ 4.30ರವರೆಗೆ. ರಜೆ ಎರಡು ಮೂರು ದಿನಕ್ಕೆ ಇಳಿದರೆ ಅಲ್ಲಿಗೇ ಹೋಗಿ. ಐದು ದಿನವಿದ್ದರೆ ಶಿಕಾಗೊದಿಂದ 90ನೇ ಹೆದ್ದಾರಿ ಹಿಡಿದು ನೇರವಾಗಿ ಇಲ್ಲಿಗೆ ಬನ್ನಿ. ಎರಡು ರಾಜ್ಯಗಳ ಪರವಾನಗಿ ತೆಗೆದು ರಜೆಯನ್ನು ಹಂಚಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೊದಲ ದಿನಕ್ಕೆ ಮಾತ್ರ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳಿ. ಅವರ ಜಮೀನಿನಲ್ಲಿರುವುದು ಅಲ್ಲೇ ಹುಟ್ಟಿ ಬೆಳೆದ ಹಕ್ಕಿಗಳೋ, ಸಾಕಿ ತಂದು ಬಿಟ್ಟವುಗಳೋ ಎಂದು ಮುಂಗಡ ಕೊಡುವ ಮೊದಲೇ ಸ್ಪಷ್ಟವಾಗಿ ಕೇಳಿ. ಪ್ರಿಸರ್ವ್ (ಸಾಕಿದ ಹಕ್ಕಿಗಳನ್ನು ಬಿಟ್ಟು ಬೇಟೆಯಾಡಿಸುವ ಖಾಸಗಿ ತಾಣ) ಎಂದು ನೋಂದಾಯಿಸಿದ ಜಮೀನುಗಳಿಗೆ ಋತುವೂ ಪರವಾನಗಿಯೂ ಬೇರೆ. ಆ ದಿನ ನೆಲವನ್ನು ಓದುವುದನ್ನೂ ಸಾಲಾಗಿ ನಡೆಯುವುದನ್ನೂ ಕಲಿತು ಉಳಿದ ದಿನಗಳನ್ನು ಸಾರ್ವಜನಿಕ ಭೂಮಿಯಲ್ಲಿ ಕಳೆಯಿರಿ. ನಾಯಿಗೆ ಕಾಲುಚೀಲ, ಧಾರಾಳ ನೀರು, ಮೈಗಂಟಿದ ಮುಳ್ಳುಕಾಯಿ ಬಿಡಿಸಲು ಒಂದು ಲೋಹದ ಬಾಚಣಿಗೆ ಜೊತೆಗಿರಲಿ. ನಾಯಿಗೆ ಅವಕಾಶವಿರುವ ವಸತಿಗೃಹಗಳು ಬೇಗ ಭರ್ತಿಯಾಗುವುದರಿಂದ ಕೋಣೆಯನ್ನು ಬೇಸಿಗೆಯಲ್ಲೇ ಕಾದಿರಿಸಿಕೊಳ್ಳಿ.