ಕ್ಯೂಎಮು ಆರ್ಮ್ ವರ್ಟ್ ಮೆಷಿನ್: ಫ್ಲ್ಯಾಶ್ ಸೈಜ್ ಇಳಿಸಿದೆ, ಹಳೆ ವಿಎಂಗಳು ಏಳ್ತಾ ಇಲ್ಲ

ಪ್ರಶ್ನೆ:
ವರ್ಚುವಲ್ ಮೆಷಿನ್ (ವಿಎಂ) ಓಡಿಸುವ ಕ್ಯೂಎಮು ಸಾಫ್ಟ್‌ವೇರ್‌ನ ಆರ್ಮ್ ಮಾದರಿಯಾದ ವರ್ಟ್ ಮೆಷಿನ್‌ನಲ್ಲಿ ಎರಡು ಫ್ಲ್ಯಾಶ್ ಬ್ಯಾಂಕ್ (ಫರ್ಮ್‌ವೇರ್, ಅದರ ಸೆಟ್ಟಿಂಗ್ ಇಡುವ ಜಾಗ), ಒಂದೊಂದೂ 64 ಎಂಬಿ. ನಾನು ಹಾಕುವ ಯುಇಎಫ್‌ಐ ಫರ್ಮ್‌ವೇರ್ (ವಿಎಂ ಬೂಟ್ ಮಾಡಿಸುವ ಮೊದಲ ಪ್ರೋಗ್ರಾಂ) ಬರೀ 2 ಎಂಬಿ, ಉಳಿದದ್ದೆಲ್ಲ ಸೊನ್ನೆ. ಹತ್ತಾರು ಸಣ್ಣ ವಿಎಂ ಓಡಿಸುವಾಗ ಇದು ಸುಮ್ನೆ ದಂಡ ಅನ್ನಿಸಿ, ಕ್ಯೂಎಮು ಸೋರ್ಸ್‌ನ ಮೆಮೊರಿ ಮ್ಯಾಪ್‌ನಲ್ಲಿ (ಯಾವ ವಿಳಾಸದಲ್ಲಿ ಏನಿದೆ ಅನ್ನುವ ಪಟ್ಟಿ) ಒಂದು ಸಾಲು ತಿದ್ದಿ ಬ್ಯಾಂಕಿಗೆ 4 ಎಂಬಿ ಮಾಡಿದೆ. ಈಗ ಹಳೆ ವಿಎಂ ಒಂದೂ ಶುರುವಾಗುತ್ತಿಲ್ಲ. ಡಿವೈಸ್‌ಗೆ 4194304 ಬೈಟ್ ಬೇಕು, ಫೈಲ್‌ನಲ್ಲಿ 67108864 ಇದೆ ಅಂತ ನಿಂತುಬಿಡುತ್ತದೆ. ಬೇಕಾದಷ್ಟು ಓದಿಕೊಂಡರೆ ಆಯ್ತಲ್ವಾ?

ಉತ್ತರ:
ಸೈಜ್ ಸರಿಯಾಗಿ ಹೊಂದಲೇಬೇಕು, ಬೇಕಂತಲೇ ಹಾಗೆ ಮಾಡಿದ್ದಾರೆ. ಆದರೆ ನಿಮ್ಮ ನಿಜವಾದ ತೊಂದರೆ ಅದಲ್ಲ. ಎರಡನೇ ಬ್ಯಾಂಕ್ ಶುರುವಾಗುವುದು ಮೊದಲನೆಯದು ಮುಗಿದ ಕಡೆ, ಅಂದರೆ 64 ಎಂಬಿ ವಿಳಾಸದಲ್ಲಿದ್ದದ್ದು ಈಗ 4 ಎಂಬಿಗೆ ಬಂದು ಕೂತಿದೆ. ಫರ್ಮ್‌ವೇರ್ ತನ್ನ ಬೂಟ್ ವೇರಿಯಬಲ್‌ಗಳನ್ನು ಹಳೆ ಜಾಗದಲ್ಲೇ ಹುಡುಕುತ್ತದೆ, ಆ ವಿಳಾಸ ಬಿಲ್ಡ್ ಮಾಡುವಾಗಲೇ ಬರೆದಾಗಿದೆ. ಅಂದ ಹಾಗೆ ಹಿಗ್ಗಿಸುವುದಕ್ಕೂ ದಾರಿಯಿಲ್ಲ, 128 ಎಂಬಿ ಮುಗಿದ ಕೂಡಲೇ ಇಂಟರಪ್ಟ್ ಕಂಟ್ರೋಲರ್ ಕೂತಿದೆ.

ಪ್ರಶ್ನೆ ಕೇಳಿದವರು:
ಓ, ಅದಕ್ಕೇ ಫೈಲ್ ಕತ್ತರಿಸಿ ಕೊಟ್ಟರೂ ಪರದೆ ಖಾಲಿ. ಎರಡನೇ ಬ್ಯಾಂಕನ್ನು 64ರಲ್ಲೇ ಬಿಟ್ಟು ಎರಡನ್ನೂ ಇದ್ದಲ್ಲೇ ಕುಗ್ಗಿಸಿದರೆ?

ಇನ್ನೊಬ್ಬರು:
ಬೂಟ್ ಆಗಬಹುದು. ಆದರೆ ಲೈವ್ ಮೈಗ್ರೇಶನ್ (ಓಡುತ್ತಿರುವ ವಿಎಂ ಅನ್ನು ಬೇರೆ ಯಂತ್ರಕ್ಕೆ ಸಾಗಿಸುವುದು), ಹಳೆ ಸ್ನ್ಯಾಪ್‌ಶಾಟ್ (ಉಳಿಸಿಟ್ಟ ಸ್ಥಿತಿ) ಎರಡೂ ಹೋದವು. ಫ್ಲ್ಯಾಶ್ ಕೂಡ ವಿಎಂ ಮೆಮೊರಿಯ ಒಂದು ತುಂಡಾಗಿ (ರ್‍ಯಾಮ್ ಬ್ಲಾಕ್) ಸಾಗುತ್ತದೆ, ಅದರ ಉದ್ದವೂ ಜೊತೆಗೇ ಹೋಗುತ್ತದೆ. ಆ ಕಡೆ ಉದ್ದ ಬೇರೆ ಇದ್ದರೆ ತೆಗೆದುಕೊಳ್ಳುವುದಿಲ್ಲ.

ಮಾಡಲೇಬೇಕು ಅಂದರೆ ಹೊಸ ಮೆಷಿನ್ ಆವೃತ್ತಿಗೆ ಮಾತ್ರ ಹೊಸ ಸೈಜ್ ಕೊಡಿ, ಹಿಂದಿನವನ್ನು ಮುಟ್ಟಬೇಡಿ. ಐಟಿಎಸ್ (ಇಂಟರಪ್ಟ್ ಕಂಟ್ರೋಲರ್‌ನ ಒಂದು ಭಾಗ) ಬಂದಾಗ ಹಾಗೇ ಮಾಡಿದ್ದರು: 2.8ರಿಂದ ಇದೆ, ವರ್ಟ್-2.7 ಅಂತ ಕೇಳಿದವರಿಗೆ ಕೊಡುತ್ತಿರಲಿಲ್ಲ. ಲಿಬ್‌ವರ್ಟ್ (ವಿಎಂಗಳನ್ನು ನೋಡಿಕೊಳ್ಳುವ ಟೂಲ್) ಬಳಸುವವರು ಬಚಾವ್, ಅದು ವಿಎಂ ಮಾಡಿದ ದಿನದ ಆವೃತ್ತಿಯನ್ನೇ ಬರೆದಿಟ್ಟುಕೊಂಡಿರುತ್ತದೆ. ಸ್ಕ್ರಿಪ್ಟ್‌ನಲ್ಲಿ ಬರೀ ವರ್ಟ್ ಅಂತ ಬರೆದವರಿಗೆ ಮಾತ್ರ ಪ್ರತಿ ಅಪ್‌ಗ್ರೇಡ್‌ನಲ್ಲೂ ಹೊಸದೇ ಸಿಗುತ್ತದೆ. ನಿಮ್ಮದು ಯಾವುದು?

ನನ್ನ ಕೇಳಿದರೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ಈಚಿನ ಕ್ಯೂಎಮು ಫೈಲ್‌ನಲ್ಲಿ ಸೊನ್ನೆ ಅಂತ ಗೊತ್ತಿರುವ ಭಾಗವನ್ನು ಓದುವುದೇ ಇಲ್ಲ, ಹಾಗಾಗಿ ಮೆಮೊರಿಯೂ ತಿನ್ನುವುದಿಲ್ಲ. ಆ 64 ಎಂಬಿ ಫೈಲ್ ಹೇಗೆ ಮಾಡಿದಿರಿ?

ಪ್ರಶ್ನೆ ಕೇಳಿದವರು:
ಸ್ಕ್ರಿಪ್ಟ್, ಬರೀ ವರ್ಟ್ 😅 ಫೈಲ್ ಡಿಡಿ ಕಮಾಂಡ್‌ನಲ್ಲಿ ಸೊನ್ನೆ ತುಂಬಿ ಮಾಡಿದ್ದು. ಡಿಸ್ಕ್ ಬಳಕೆ ತೋರಿಸುವ ಡಿಯು ಕಮಾಂಡ್ ಕೊಟ್ಟು ನೋಡಿದೆ, ಡಿಸ್ಕ್‌ನಲ್ಲೂ ಪೂರ್ತಿ 64 ಎಂಬಿ ಹಿಡಿದಿದೆ. ಟ್ರಂಕೇಟ್ ಕಮಾಂಡ್‌ನಿಂದ (ಸೊನ್ನೆ ಬರೆಯದೆ ಉದ್ದ ಮಾತ್ರ ಹೆಚ್ಚಿಸುತ್ತದೆ) ಉದ್ದ ಮಾಡಿದ ಇನ್ನೊಂದು ಪ್ರತಿ ಡಿಸ್ಕ್‌ನಲ್ಲಿ 2 ಎಂಬಿ ಅಷ್ಟೇ. ನನ್ನ ಪ್ಯಾಚ್ ತೆಗೆದುಹಾಕಿದೆ, ಹಳೆ ವಿಎಂಗಳು ಎದ್ದವು.