ಯಾವ ಕೆಲಸಕ್ಕೆ ಸಂಬಳ ಜಾಸ್ತಿ? ಅನುಭವ ಇದ್ದವರು ಹೇಳಿ

ತಮ್ಮನ ಓದು ಈ ವರ್ಷ ಮುಗಿಯುತ್ತದೆ. ಅವನಿಗೆ ವೆಲ್ಡಿಂಗ್ ಇಷ್ಟ. ಮನೆಯವರು ಸಾಫ್ಟ್‌ವೇರ್‌ನಲ್ಲೇ ದುಡ್ಡು ಅಂತಾರೆ. ಎರಡೂ ಕಡೆ ಇರುವವರು ದಯವಿಟ್ಟು ತಿಳಿಸಿ.

ವೆಲ್ಡಿಂಗ್, 14 ವರ್ಷ
ಅಕ್ಕಾ, ವೆಲ್ಡರ್ ಸಂಬಳ ಇಷ್ಟೇ ಅಂತ ಹೇಳಲು ಬರುವುದಿಲ್ಲ. ನಾನು ಆರು ವರ್ಷ ಗೇಟು, ಗ್ರಿಲ್ ಮಾಡಿದೆ. ಆಮೇಲೆ ಪೈಪ್ ಕೆಲಸ ಕಲಿತೆ. ಅದರಲ್ಲಿ 6ಜಿ ಅಂತ ಒಂದು ಪರೀಕ್ಷೆ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ. ಅದನ್ನು ತಿರುಗಿಸುವ ಹಾಗಿಲ್ಲ, ನಾವೇ ಬಗ್ಗಿ, ಕೂತು, ಕತ್ತು ಎತ್ತಿ ಸುತ್ತಲೂ ಬೆಸೆಯಬೇಕು. ಮೊದಲ ಸಲ ನನ್ನ ಜಾಯಿಂಟಿನ ಎಕ್ಸ್‌ರೇ ತೆಗೆದಾಗ ಸಣ್ಣ ಕಪ್ಪು ಚುಕ್ಕಿಗಳು ಕಂಡವು. ಒಳಗೆ ಗಾಳಿ ಗುಳ್ಳೆ ಉಳಿದಿತ್ತು. ಫೇಲ್. ಎರಡನೇ ಸಲ ಪಾಸಾದೆ, ದಿನದ ಕೂಲಿ ಎರಡರಷ್ಟಾಯಿತು. ಸೋರಿದರೆ ಜೀವ ಹೋಗುವಂಥ ಕಡೆ ಬೆಸೆಯುವವರು ಕಡಿಮೆ, ಅದಕ್ಕೇ ಆ ದುಡ್ಡು.

ಆದರೆ ಪ್ರಾಜೆಕ್ಟ್ ಮುಗಿದರೆ ಎರಡು ಮೂರು ತಿಂಗಳು ಖಾಲಿ ಕೂತದ್ದೂ ಇದೆ. ಗಾರೆ ಕೆಲಸದವರ ಬಗ್ಗೆ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಇದನ್ನು ಬರೆದಿದ್ದರಂತೆ: ಕೆಲಸವಿಲ್ಲದ ದಿನಗಳ ಖರ್ಚೂ ಕೆಲಸದ ದಿನದ ಕೂಲಿಯಲ್ಲೇ ಹುಟ್ಟಬೇಕು. ಹಾಗಾಗಿ ದಿನದ ಲೆಕ್ಕ ಬೇಡ, ವರ್ಷದ್ದು ಹಾಕಿ.

ಸಾಫ್ಟ್‌ವೇರ್, 9 ವರ್ಷ
ನಾನೂ ಗೆಳೆಯನೂ ಒಂದೇ ಕ್ಲಾಸು, ಬರೆಯುವುದೂ ಒಂದೇ ಭಾಷೆಯ ಕೋಡ್. ಅವನಿಗೆ ನನ್ನ ಮೂರರಷ್ಟು ಸಂಬಳ. ಅವನ ಕಂಪನಿ ತನ್ನದೇ ಸಾಫ್ಟ್‌ವೇರ್ ಮಾರುತ್ತದೆ, ನಮ್ಮದು ಬೇರೆಯವರಿಗೆ ಜನರನ್ನು ಒದಗಿಸುತ್ತದೆ. ಎಲ್ಲಿ ಸೇರುತ್ತೀರಿ ಅನ್ನುವುದೇ ದೊಡ್ಡದು.

ಸಂಬಳದ ಲೆಕ್ಕ ಬರೆಯುವವಳು
ಸರಾಸರಿ ನಂಬಬೇಡಿ. ಹತ್ತು ಜನರಲ್ಲಿ ಒಬ್ಬರಿಗೆ ಭಾರಿ ಸಂಬಳ ಇದ್ದರೂ ಅದು ಜಿಗಿಯುತ್ತದೆ. ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರಿಗೆ ಎಷ್ಟು, ತೀರಾ ಕೆಳಗಿನವರಿಗೆ ಎಷ್ಟು, ಅದನ್ನು ಕೇಳಿ. ಆಮೇಲೆ ನಿಜವಾಗಿ ದುಡಿಯುವ ಗಂಟೆಗಳಿಂದ ಭಾಗಿಸಿ.

ಇದನ್ನು ಓದುವ ಹೆಣ್ಣುಮಕ್ಕಳಿಗೂ ಒಂದು ಮಾತು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್, ಶ್ರೀಮಂತ ದೇಶಗಳಲ್ಲಿ ಗಂಡಸರ, ಹೆಂಗಸರ ಸಂಬಳದ ಅಂತರ ಈಗ ಬಹುಪಾಲು ಒಂದೇ ಕೆಲಸದ ಒಳಗೇ ಇದೆ, ಮೊದಲ ಮಗು ಹುಟ್ಟಿದಾಗಿನಿಂದ ಅದು ಬೆಳೆಯುತ್ತದೆ ಎಂದು ತೋರಿಸಿದರು. ನಾನು ಬರೆಯುವ ಪಟ್ಟಿಯಲ್ಲೂ ಅದೇ ಕಾಣುತ್ತದೆ. ನೋಡಿದಾಗೆಲ್ಲ ಸಂಕಟ ಆಗುತ್ತದೆ. ಸೇರುವ ಮೊದಲೇ ಕೇಳಿ: ಹೆರಿಗೆ ರಜೆ ಮುಗಿಸಿ ಬಂದವರಿಗೆ ಇಲ್ಲಿ ಬಡ್ತಿ ಸಿಕ್ಕಿದೆಯಾ?

ಕೇಳಿದವಳು
ಎಲ್ಲರಿಗೂ ಥ್ಯಾಂಕ್ಸ್. ತಮ್ಮನೂ ಓದಿದ. 6ಜಿಗೆ ಮೊದಲು ಏನು ಕಲಿಯಬೇಕು ಅಂತ ಕೇಳುತ್ತಿದ್ದಾನೆ, ಅಣ್ಣಾ.